ಪೋಲೆಂಡ್‌ಗೆ ಹೊರಟವರಿಗೆ ನಳಿನಿ ಹೇಳುವುದು

ಟೆಕ್ಸಸ್‌ನ ಇರ್ವಿಂಗ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ "ನಳಿನಿ ಆಂಟಿ ಬಂದ್ರು" ಎಂದರೆ ಸಾಕು, ಮಕ್ಕಳು ಬಾಗಿಲ ಹೊರಗಿನ ಚಪ್ಪಲಿಗಳನ್ನು ಜೋಡಿಸಿಡುತ್ತಾರೆ. ಅವಳ ಸಿಟ್ಟು ಅಷ್ಟು ಪ್ರಸಿದ್ಧ. ಅದು ಹುಟ್ಟಿನಿಂದ ಬಂದದ್ದಲ್ಲ ಎಂದು ಹೇಳಬಲ್ಲವಳು ಬಹುಶಃ ನಾನೊಬ್ಬಳೇ. ೨೦೦೪ರಲ್ಲಿ ಗಂಡ ಪ್ರಶಾಂತ್ ಮತ್ತು ಆರು ವರ್ಷದ ಮಗಳು ಹರ್ಷಿಣಿಯ ಜೊತೆ ಅವಳು ನಮ್ಮ ಎದುರು ಬ್ಲಾಕಿಗೆ ಬಂದಾಗ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮೆತ್ತನೆಯ ಹೆಂಗಸಾಗಿದ್ದಳು.

ಮೈಸೂರಿನಲ್ಲಿ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದವಳು. ಗಂಡನ ವೀಸಾದ ಜೊತೆ ಬಂದ ಹೆಂಡತಿಗೆ ಆಗ ಇಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಹನ್ನೊಂದು ವರ್ಷ ಮನೆಯಲ್ಲೇ ಇದ್ದಳು. ಆಮೇಲೆ ನಿಯಮ ಸಡಿಲವಾಗಿ ಒಂದು ಮಾಂಟೆಸ್ಸರಿಯಲ್ಲಿ ಪುಟ್ಟ ಮಕ್ಕಳ ಮೂಗು ಒರೆಸುವ ಕೆಲಸ ಸಿಕ್ಕಿತು. ಪ್ರಶಾಂತ್‌ನ ಕಂಪನಿ ಗ್ರೀನ್ ಕಾರ್ಡ್ ಅರ್ಜಿಯನ್ನು "ಮುಂದಿನ ವರ್ಷ, ಮುಂದಿನ ವರ್ಷ" ಎಂದು ಐದು ವರ್ಷ ತಳ್ಳಿತು. ಅವನು ಸಾಧು, ಜಗಳ ಆಡಲಿಲ್ಲ. ಕಾರ್ಡಿಗೆ ಕಾಯುವ ಭಾರತೀಯರ ಸಾಲು ಅಷ್ಟರಲ್ಲಿ ಎಷ್ಟು ಉದ್ದವಾಗಿತ್ತೆಂದರೆ, ಮಗಳು ಹೈಸ್ಕೂಲು ಮುಗಿಸಿದರೂ ಕಾರ್ಡ್ ಬರಲಿಲ್ಲ.

ಇಪ್ಪತ್ತೊಂದು ತುಂಬಿದ ದಿನ ಮಕ್ಕಳು ಅಪ್ಪನ ವೀಸಾದಿಂದ ಹೊರಬೀಳುತ್ತಾರೆ. ಹರ್ಷಿಣಿಗೆ ಇಪ್ಪತ್ತೊಂದು ತುಂಬುವುದು ೨೦೧೮ರ ಸೆಪ್ಟೆಂಬರ್ ಹತ್ತೊಂಬತ್ತಕ್ಕೆ. ಕಾಲೇಜಿನ ಎರಡನೇ ವರ್ಷದಲ್ಲಿದ್ದ ಅವಳಿಗೆ ಡಾಕ್ಟರ್ ಆಗಬೇಕಿತ್ತು. ವಿದ್ಯಾರ್ಥಿ ವೀಸಾ ಪಡೆದು ಉಳಿದರೂ, ವಿದೇಶಿ ವಿದ್ಯಾರ್ಥಿ ಎಂದ ಕೂಡಲೇ ಇಲ್ಲಿನ ಹೆಚ್ಚಿನ ಮೆಡಿಕಲ್ ಕಾಲೇಜುಗಳು ಅರ್ಜಿಯನ್ನೇ ತೆರೆಯುವುದಿಲ್ಲ.

"ಒಂದನೇ ಕ್ಲಾಸಿನಿಂದ ಇಲ್ಲೇ ಓದಿದಾಳೆ. ದಿನಾ ಬೆಳಿಗ್ಗೆ ಟೆಕ್ಸಸ್ ಬಾವುಟಕ್ಕೂ ಕೈ ಎದೆ ಮೇಲಿಟ್ಟು ಪ್ರತಿಜ್ಞೆ ಮಾಡಿದಾಳೆ. ಈಗ ವಿದೇಶಿ ಅಂತೆ!" ಎಂದು ನಳಿನಿ ನಮ್ಮ ಅಡುಗೆಮನೆಯಲ್ಲಿ ನಿಂತು ಅಂದಿದ್ದಳು. ಪ್ರಶಾಂತ್ ಸೋಫಾದ ಮೇಲೆ ಕೂತು ನೆಲ ನೋಡುತ್ತಿದ್ದ. "ಒಂದೇ ಒಂದು ಸಲ ಮ್ಯಾನೇಜರ್ ಹತ್ರ ಧ್ವನಿ ಎತ್ತಿದ್ರೆ ಏನಾಗ್ತಿತ್ತು ನಿಮಗೆ?" ಆ ವರ್ಷ ನಾನು ಕಂಡ ಮೊದಲ ಸಿಟ್ಟು ಅದು.

ಏಪ್ರಿಲ್‌ನಲ್ಲಿ ಇಂಡಿಯನ್ ಗ್ರೋಸರಿಯ ಗಾಜಿನ ಮೇಲೆ ಒಂದು ಚೀಟಿ ಕಂಡಿತು: ಪೋಲೆಂಡಿನಲ್ಲಿ ಆರು ವರ್ಷದ ವೈದ್ಯಕೀಯ, ಪೂರ್ತಿ ಇಂಗ್ಲಿಷಿನಲ್ಲಿ, ಉಚಿತ ಸೆಮಿನಾರ್, ಊಟ ಇದೆ. ನಡೆಸುವವರು ಮೋಹನರಾಜ. ಬೆಂಗಳೂರಿನವರು, ಆ ಅಂಗಡಿ ಸಾಲಿನಲ್ಲೇ ಮಹಡಿ ಮೇಲೆ ಅವರ ಆಫೀಸು. ಮೋಸಗಾರರಲ್ಲ. ಆದರೆ ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

"ಪಾಠ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್, ಹಾಸ್ಟೆಲ್ ಗ್ಯಾರಂಟಿ. ಪೋಲಿಷ್ ಒಂದಕ್ಷರ ಬೇಡ. ವೀಸಾ ಅನ್ನೋದು ಬರೀ ಫಾರ್ಮಾಲಿಟಿ" ಎಂದರು.

ನಳಿನಿ ಕೈ ಎತ್ತಿದಳು. "ಇಂಡಿಯನ್ ಪಾಸ್‌ಪೋರ್ಟ್ ಇದ್ರೆ?"

"ಎಲ್ಲಾ ಸೇಮ್ ಮೇಡಂ. ಟೆಕ್ಸಸ್ ಮಕ್ಕಳು ತಾನೇ! ಸೆಪ್ಟೆಂಬರ್ ಕೊನೇಲಿ ಎಲ್ಲರನ್ನೂ ಒಟ್ಟಿಗೆ ಫ್ಲೈಟ್ ಹತ್ತಿಸ್ತೀನಿ."

ಅವಳು ನಂಬಿದಳು. ಆ ನಂಬಿಕೆಯನ್ನು ಅವಳು ತನಗೇ ಇನ್ನೂ ಕ್ಷಮಿಸಿಲ್ಲ. ಮಗಳ ಹೈಸ್ಕೂಲು ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟು ಬಂದಳು. ಲುಬ್ಲಿನ್ ಎಂಬ ಊರಿನ ಕಾಲೇಜಿನಿಂದ ಜುಲೈ ಮೊದಲ ವಾರ ಸೀಟು ಸಿಕ್ಕಿದ ಪತ್ರ ಬಂತು. ಸಿಹಿ ಹಂಚಿದರು.

ಪತ್ರದ ಎರಡನೇ ಪುಟವನ್ನು ಓದಿದವಳು ಹರ್ಷಿಣಿ. ಸಂಜೆ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೇ ಬಂದಳು. ಅವಳಮ್ಮ ನನ್ನ ಜೊತೆ ಇದ್ದಳು.

"ಅಮ್ಮ, ಅಮೆರಿಕನ್ ಪಾಸ್‌ಪೋರ್ಟ್ ಇರೋರು ವೀಸಾ ಇಲ್ದೆ ಹೋಗಿ, ಅಲ್ಲೇ ಪೇಪರ್ಸ್ ಮಾಡ್ಕೋಬಹುದು. ನಾನು ಹೂಸ್ಟನ್‌ನಲ್ಲಿರೋ ಪೋಲಿಷ್ ಕಾನ್ಸುಲೇಟ್‌ಗೆ ಹೋಗಿ ಅಪ್ಲೈ ಮಾಡ್ಬೇಕು. ಆ್ಯಂಡ್ ಐ ಹ್ಯಾವ್ ಟು ಬಿ ಲೀಗಲ್ ಹಿಯರ್ ವೆನ್ ಐ ಡೂ ಇಟ್."

ಅಂದರೆ ಸೆಪ್ಟೆಂಬರ್ ಹತ್ತೊಂಬತ್ತರ ಒಳಗೆ ವೀಸಾ ಕೈಗೆ ಬಂದು, ಅವಳು ದೇಶ ಬಿಟ್ಟಿರಬೇಕು. ಮೋಹನರಾಜ ಹೇಳಿದಂತೆ ತಿಂಗಳ ಕೊನೆಯವರೆಗೆ ಕಾದಿದ್ದರೆ ಅವಳು ಇಲ್ಲಿ ಕಾನೂನು ಮೀರಿ ಉಳಿದವಳಾಗುತ್ತಿದ್ದಳು.

ಮರುದಿನ ನಳಿನಿ ಅವರ ಆಫೀಸಿಗೆ ಹೋದಳು. ನಾನೂ ಹೋದೆ. ಅವರು ಸರ್ಟಿಫಿಕೇಟಿನ ಫೈಲ್ ತೆಗೆದು ಕೊಟ್ಟರು. ಅದರ ಪ್ರತಿಯ ಮೇಲೆ ಒಂದು ನೋಟರಿ ಸೀಲು, ಅಷ್ಟೇ. ಪತ್ರದ ಎರಡನೇ ಪುಟ ಕೇಳಿದ್ದು ಅಪಾಸ್ಟಿಲ್, ಅಂದರೆ ಈ ಕಾಗದ ಅಸಲಿ ಎಂದು ರಾಜ್ಯ ಸರ್ಕಾರವೇ ಬೇರೆ ದೇಶಕ್ಕೆ ಕೊಡುವ ದೃಢೀಕರಣ.

"ಎರಡೂ ಒಂದೇ ಅಲ್ವಾ ಮೇಡಂ?"

"ಮೂರು ತಿಂಗಳು ಈ ಫೈಲು ನಿಮ್ಮ ಡ್ರಾಯರ್‌ನಲ್ಲಿತ್ತು. ಒಂದು ಫೋನ್ ಮಾಡಿ ಕೇಳೋಕಾಗ್ಲಿಲ್ವಾ ನಿಮಗೆ?" ಅವಳ ಧ್ವನಿ ಕೆಳಗಿನ ಅಂಗಡಿಗೆ ಕೇಳಿಸಿರಬೇಕು; ಮೆಟ್ಟಿಲ ಬುಡದಲ್ಲಿ ಇಬ್ಬರು ಬಂದು ನಿಂತರು. "ನಿಮಗೆ ತಿಳೀದೇ ಇರೋದು ತಪ್ಪಲ್ಲ. ತಿಳಿದೋರ ಥರ ಮಾತಾಡಿದ್ರಲ್ಲ, ಅದು ತಪ್ಪು."

ಪ್ರಶಾಂತ್‌ಗೆ ರಜೆ ಸಿಗಲಿಲ್ಲ. ನಾನು ಡ್ರೈವ್ ಮಾಡಿದೆ. ಹರ್ಷಿಣಿಯ ಶಾಲೆಯಿಂದ ಹೊಸ ಪ್ರತಿಗೆ ಸರಿಯಾಗಿ ಸಹಿ ಹಾಕಿಸಿಕೊಂಡು, ಬೆಳಿಗ್ಗೆ ಐದಕ್ಕೆ ಹೊರಟು ರಾಜ್ಯದ ರಾಜಧಾನಿ ಆಸ್ಟಿನ್ ತಲುಪಿದೆವು. ಸರ್ಕಾರಿ ಕಚೇರಿಯ ಕಿಟಕಿಯ ಹಿಂದಿದ್ದ ಹೆಂಗಸು ಕಾಗದ ನೋಡಿ, ಯಾವ ದೇಶಕ್ಕೆ ಎಂದು ಕೇಳಿ, ಹಣ ಕಟ್ಟಿಸಿಕೊಂಡು, ಕೂತಿರಲು ಹೇಳಿದಳು. ಮಧ್ಯಾಹ್ನಕ್ಕೆ ಮುಂಚೆ ಅಪಾಸ್ಟಿಲ್ ಕೈಯಲ್ಲಿತ್ತು. ಅಷ್ಟು ಸುಲಭ. ಆ ಸುಲಭವೇ ನಳಿನಿಯನ್ನು ಇನ್ನಷ್ಟು ಕೆರಳಿಸಿತು. ಪಾರ್ಕಿಂಗ್ ಲಾಟಿನ ಬಿಸಿಲಿನಲ್ಲಿ ನಿಂತು, "ಇಷ್ಟೇನಾ? ಇಷ್ಟಕ್ಕೆ ಮೂರು ತಿಂಗಳಾ?" ಎಂದು ಕಾರಿನ ಬಾಗಿಲನ್ನು ಎರಡು ಸಲ ಬಡಿದಳು. ಹರ್ಷಿಣಿ ಒಳಗೆ ಕೂತು ಇಯರ್‌ಫೋನ್ ಹಾಕಿಕೊಂಡಳು.

ಹೂಸ್ಟನ್‌ನ ಕಾನ್ಸುಲೇಟಿನಲ್ಲಿ ಸಮಯ ಸಿಕ್ಕಿದ್ದು ಆಗಸ್ಟ್ ಮೂರನೇ ವಾರಕ್ಕೆ. ಹಿಂದಿನ ದಿನವೇ ಹೋಗಿ ಆ ಊರ ಹೊರವಲಯದ ಸೈಪ್ರೆಸ್‌ನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಕಾನ್ಸುಲೇಟಿನ ಅಧಿಕಾರಿ ಮರ್ಯಾದಸ್ಥ. ಸೀಟಿನ ಪತ್ರ, ವಿಮೆ, ಬ್ಯಾಂಕ್ ಕಾಗದ, ವಾಸದ ವಿಳಾಸ ಎಲ್ಲ ಒಂದೊಂದಾಗಿ ನೋಡಿದ. ಕೊನೆಗೆ ಪಾಸ್‌ಪೋರ್ಟ್ ಮತ್ತು ಸರ್ಟಿಫಿಕೇಟ್ ಪಕ್ಕಪಕ್ಕ ಇಟ್ಟು ಕೇಳಿದ: ಇವರಿಬ್ಬರೂ ಒಬ್ಬರೇನಾ?

ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಅವಳದರಲ್ಲಿ ಬರೀ ಹರ್ಷಿಣಿ. ಅಮೆರಿಕದ ವೀಸಾದಲ್ಲಿ ಅದೇ ಅಡ್ಡಹೆಸರಾಗಿ, ಮೊದಲ ಹೆಸರು ಗೊತ್ತಿಲ್ಲ ಎಂದು ಅಚ್ಚಾಗಿತ್ತು. ಶಾಲೆಯಲ್ಲಿ ಅಪ್ಪನ ಹೆಸರು ಸೇರಿಸಿ ಹರ್ಷಿಣಿ ಪ್ರಶಾಂತ್. ಮೂರು ಕಾಗದ, ಮೂರು ಹೆಸರು.

"ಅವಳು ಒಬ್ಬಳೇ, ಇಲ್ಲೇ ನಿಂತಿದಾಳೆ ನೋಡಿ" ಎಂದಳು ನಳಿನಿ ಇಂಗ್ಲಿಷಿನಲ್ಲಿ. ಧ್ವನಿ ಏರುತ್ತಿತ್ತು. ಹರ್ಷಿಣಿ ಅವಳ ಮಣಿಕಟ್ಟು ಹಿಡಿದು, "ಅಮ್ಮ, ಪ್ಲೀಸ್, ಹೊರಗೆ ಕೂತ್ಕೋ" ಎಂದಳು. ನಾವಿಬ್ಬರೂ ಹೊರಗೆ ಬಂದೆವು. ಮೂರೂ ಹೆಸರು ಒಬ್ಬಳದೇ ಎಂಬ ಪ್ರಮಾಣಪತ್ರ ತಂದರೆ ಅದೇ ದಿನ ಅರ್ಜಿ ತೆಗೆದುಕೊಳ್ಳುತ್ತೇನೆಂದು ಅಧಿಕಾರಿ ಮಗಳಿಗೆ ಹೇಳಿದನಂತೆ. ಹತ್ತಿರದ ಪಾರ್ಸೆಲ್ ಅಂಗಡಿಯಲ್ಲಿದ್ದ ನೋಟರಿಯ ಮುಂದೆ ಹರ್ಷಿಣಿಯೇ ಬರೆದು, ಸಹಿ ಹಾಕಿ, ಓಡಿ ಬಂದು ಕೊಟ್ಟಳು. ಬೆರಳಚ್ಚು ತೆಗೆದರು.

ವೀಸಾ ಬಂದದ್ದು ಸೆಪ್ಟೆಂಬರ್ ಹತ್ತಕ್ಕೆ. ಹದಿನಾಲ್ಕರ ಶುಕ್ರವಾರ ವಿಮಾನ. ಮಗಳ ಹುಟ್ಟುಹಬ್ಬಕ್ಕೆ ಐದು ದಿನ ಮುಂಚೆ ತಾಯಿ ಅವಳನ್ನು ಅವಳು ಬೆಳೆದ ಊರಿಂದ ಹೊರಗೆ ಕಳಿಸಿದಳು. ವಿಮಾನ ನಿಲ್ದಾಣದಲ್ಲಿ ಪ್ರಶಾಂತ್ ಅತ್ತ. ನಳಿನಿ ಅಳಲಿಲ್ಲ.

ಅಲ್ಲಿಂದ ಮಗಳ ಫೋನುಗಳು ಬರತೊಡಗಿದವು. ಹಾಸ್ಟೆಲ್ ಗ್ಯಾರಂಟಿ ಎಂದದ್ದು ಸುಳ್ಳು. ಸಿಕ್ಕಿದ್ದು ಎರಡು ವಾರದ ಮಟ್ಟಿಗೆ ಒಂದು ತಾತ್ಕಾಲಿಕ ರೂಮು ಮಾತ್ರ. ಶನಿವಾರ ಸಂಜೆ ಇಳಿದವಳಿಗೆ ಮರುದಿನ ಭಾನುವಾರ ದೊಡ್ಡ ಅಂಗಡಿಗಳೆಲ್ಲ ಕಾನೂನಿನಂತೆ ಮುಚ್ಚಿರುತ್ತವೆ ಎಂದು ಯಾರೂ ಹೇಳಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಕೋಡುಬಳೆ ತಿಂದು ದಿನ ಕಳೆದಳು. ಬಸ್ ಟಿಕೆಟ್ ಕೊಂಡರೆ ಸಾಲದು, ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು ಎಂಬುದು ದಂಡ ಕಟ್ಟಿದ ಮೇಲೆ ತಿಳಿಯಿತು. ಆಮೇಲೆ ಒಂದು ಮನೆ ಸಿಕ್ಕಿತು. ಮನೆ ಒಡತಿ ಕೀ ಕೊಟ್ಟಳು, ಆದರೆ ವಿಳಾಸ ನೋಂದಾಯಿಸಲು ಬೇಕಾದ ಕಾಗದಕ್ಕೆ ಸಹಿ ಹಾಕಲು ಒಪ್ಪಲಿಲ್ಲ.

ನಳಿನಿ ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು, ಕನ್ನಡದಲ್ಲಿ, ಪಿಯು ಮಕ್ಕಳಿಗೆ ನೋಟ್ಸ್ ಕೊಡುವ ಹಾಗೆ. ಮನೆ ಹಿಡಿಯುವ ಮುಂಚೆ ನೋಂದಣಿಗೆ ಸಹಿ ಹಾಕುತ್ತೀರಾ ಎಂದು ಕೇಳಿ. ವೀಸಾ ಮುಗಿಯುವ ಮುಂಚೆಯೇ ವಾಸದ ಕಾರ್ಡಿಗೆ ಅರ್ಜಿ ಹಾಕಿ. ಒಂದು ದಿನ ತಡವಾದರೂ ಕೆಟ್ಟಿತು. ಅರ್ಜಿ ಹಾಕಿದ ಮೇಲೆ ಪಾಸ್‌ಪೋರ್ಟಿನಲ್ಲಿ ಬೀಳುವ ಮುದ್ರೆ ಪೋಲೆಂಡಿನೊಳಗೆ ಇರಲು ಮಾತ್ರ. ಅದನ್ನು ನಂಬಿ ಗೆಳೆಯರ ಜೊತೆ ಪಕ್ಕದ ದೇಶ ನೋಡಲು ಹೋಗಬೇಡಿ. ಮೊದಲ ದಿನದಿಂದ ಪೋಲಿಷ್ ಕಲಿಯಿರಿ. ಪಾಠ ಇಂಗ್ಲಿಷಿನಲ್ಲಿರಬಹುದು, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ಅಜ್ಜಿ ಪೋಲಿಷಿನಲ್ಲೇ ನರಳುತ್ತಾಳೆ. ಕೆಲಸಕ್ಕೆ ಹೋಗುವವರಿಗೆ: ಪರ್ಮಿಟ್‌ನಲ್ಲಿ ಕಂಪನಿಯ ಹೆಸರಿದ್ದರೆ ಆ ಕಂಪನಿ ಬಿಟ್ಟ ದಿನ ಪರ್ಮಿಟ್ಟೂ ಹೋಯಿತು.

ಈ ಕೊನೆಯದನ್ನು ಬರೆದು, ಅದರ ಕೆಳಗೆ, "ನಮಗೆ ಇದು ಹೊಸದಲ್ಲ" ಎಂದು ಸೇರಿಸಿದ್ದಳು. ಅದನ್ನು ಹೊಡೆದು ಹಾಕು ಎಂದೆ. ಹಾಕಲಿಲ್ಲ.

೨೦೧೯ರ ಫೆಬ್ರವರಿಯಲ್ಲಿ ಮೋಹನರಾಜ ಇನ್ನೊಂದು ಸೆಮಿನಾರ್ ಇಟ್ಟರು. ಇರ್ವಿಂಗ್‌ನದೇ ಲಾಸ್ ಕೊಲಿನಾಸ್ ಬಡಾವಣೆಯ ಒಂದು ಹೋಟೆಲ್ ಹಾಲ್. ಈ ಸಲ ಜನ ದುಪ್ಪಟ್ಟು. ಪರದೆಯ ಮೇಲೆ ಕಳೆದ ವರ್ಷ ಹೋದ ಮಕ್ಕಳ ಫೋಟೋ ಬಂತು. ಅದರಲ್ಲಿ ಹರ್ಷಿಣಿಯೂ ಇದ್ದಳು. ಕೆಳಗೆ "ನಮ್ಮ ಯಶಸ್ಸು" ಎಂದಿತ್ತು.

ನಳಿನಿ ಎದ್ದಳು. "ಆ ಹುಡುಗಿ ನನ್ನ ಮಗಳು. ಆ ಫೋಟೋ ತೆಗೀರಿ."

"ಮೇಡಂ, ಆಮೇಲೆ ಮಾತಾಡೋಣ..."

"ಆಮೇಲೆ ಅಂದ್ಕೊಂಡೇ ಅವಳನ್ನ ಕಳ್ಕೊಳ್ತಿದ್ದೆ. ಈಗಲೇ ಮಾತಾಡ್ತೀನಿ." ಜನರ ಕಡೆ ತಿರುಗಿದಳು. "ಇಲ್ಲಿ ಯಾರ ಮಕ್ಕಳ ಹತ್ರ ಇಂಡಿಯನ್ ಪಾಸ್‌ಪೋರ್ಟ್ ಇದೆ? ಕೈ ಎತ್ತಿ."

ಯಾರೂ ಎತ್ತಲಿಲ್ಲ. ಮೊಮ್ಮಗಳ ಜೊತೆ ಮುಂದಿನ ಸಾಲಿನಲ್ಲಿದ್ದ ಹಯಗ್ರೀವ ಎಂಬ ಹಿರಿಯರು ಎದ್ದು ನಿಂತರು. "ನೋಡಮ್ಮ, ನಿಮಗೆ ಆದ ಕಷ್ಟ ನಿಮ್ಮದು. ಇದು ಪಬ್ಲಿಕ್ ಫಂಕ್ಷನ್ನು. ಸ್ವಲ್ಪ ಕೂತ್ಕೊಳ್ಳಿ."

"ಅಂಕಲ್, ನಿಮ್ಮ ಮೊಮ್ಮಗಳು ಎಲ್ಲಿ ಹುಟ್ಟಿದ್ದು?"

"ಇಲ್ಲೇ ಪಕ್ಕದ ಪ್ಲೇನೋದಲ್ಲಿ."

"ಹಾಗಾದ್ರೆ ಅವಳದು ಅಮೆರಿಕನ್ ಪಾಸ್‌ಪೋರ್ಟ್, ನಿಮಗೆ ಚಿಂತೆ ಇಲ್ಲ, ಕೂತ್ಕೊಳ್ಳಿ. ನಾನು ಮಾತಾಡ್ತಿರೋದು ಬೆಂಗಳೂರಲ್ಲಿ ಹುಟ್ಟಿ ಎರಡು ವರ್ಷಕ್ಕೆ ಇಲ್ಲಿಗೆ ಬಂದ ಮಕ್ಕಳ ಬಗ್ಗೆ. ಪಾಸ್‌ಪೋರ್ಟ್ ಎರಡೂ ನೀಲಿಯೇ, ದಾರಿ ಬೇರೆ. ಇವರು ನಿಮಗೆ ಅದನ್ನ ಹೇಳಲ್ಲ, ಯಾಕಂದ್ರೆ ಇವರಿಗೆ ಗೊತ್ತಿಲ್ಲ. ನಾಚಿಕೆ ಬೇಡ, ಕೈ ಎತ್ತಿ."

ನಾಲ್ಕು ಕೈ ಎದ್ದವು. ಮೊದಲು ಒಬ್ಬ ತಾಯಿ, ಆಮೇಲೆ ಹಿಂದಿನಿಂದ ಒಬ್ಬ ಅಪ್ಪ, ಆಮೇಲೆ ಇನ್ನಿಬ್ಬರು. ನಳಿನಿ ಅವರನ್ನು ಕಾರಿಡಾರಿಗೆ ಕರೆದುಕೊಂಡು ಹೋಗಿ, ಜೆರಾಕ್ಸ್ ಮಾಡಿಸಿ ತಂದಿದ್ದ ಪುಟಗಳನ್ನು ಕೊಟ್ಟು, ಒಂದೊಂದೇ ವಾಕ್ಯ ಓದಿಸಿದಳು. ಒಬ್ಬ ಹುಡುಗನಿಗೆ ಇಪ್ಪತ್ತೊಂದಾಗಲು ಏಳು ವಾರ ಉಳಿದಿತ್ತು. ಅದನ್ನು ಲೆಕ್ಕ ಹಾಕಿದಾಗ ಅವನ ತಾಯಿ ಪುಟವನ್ನು ಮತ್ತೆ ಮೊದಲಿನಿಂದ ಓದತೊಡಗಿದಳು. ಒಳಗೆ ಚಪ್ಪಾಳೆ ಕೇಳಿಸುತ್ತಿತ್ತು. ಊಟಕ್ಕೆ ನಾವು ನಿಲ್ಲಲಿಲ್ಲ.

ಆ ವಾರ ಮೋಹನರಾಜ ಫೋನ್ ಮಾಡಿ, ಆ ಪುಟಗಳನ್ನು ತಮ್ಮ ಆಫೀಸಿನಲ್ಲೂ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. "ಇಟ್ಕೊಳ್ಳಿ, ಆದರೆ ನಿಮ್ಮ ಹೆಸರು ಹಾಕ್ಬೇಡಿ" ಎಂದು ಫೋನ್ ಇಟ್ಟುಬಿಟ್ಟಳು.

ಲುಬ್ಲಿನ್‌ನ ಮನೆ ಒಡತಿಯ ವಿಷಯ ಮಾತ್ರ ಅವಳನ್ನು ಕೊರೆಯುತ್ತಲೇ ಇತ್ತು. ಏಪ್ರಿಲ್‌ನಲ್ಲಿ ಒಂದು ದಿನ, ನಾನು ಅಲ್ಲೇ ಕೂತಿದ್ದಾಗ, ಮಗಳಿಗೆ ಫೋನ್ ಹಚ್ಚಿ, ಸ್ಪೀಕರ್‌ನಲ್ಲಿಟ್ಟು, "ಆ ಹೆಂಗಸಿನ ನಂಬರ್ ಕೊಡು, ನಾನೇ ಮಾತಾಡ್ತೀನಿ" ಎಂದಳು.

"ಯಾವ ಭಾಷೇಲಿ ಮಾತಾಡ್ತೀಯಮ್ಮ?" ಎಂದಳು ಹರ್ಷಿಣಿ.

"ಬೈಗುಳ ಯಾವ ಭಾಷೇಲಾದ್ರೂ ಗೊತ್ತಾಗತ್ತೆ."

"ಬೇಡ. ಅವರು ಹೋದ ತಿಂಗಳೇ ಸೈನ್ ಮಾಡಿದಾರೆ. ನಾನೇ ಕೂತು ಕೇಳಿದೆ, ಪೋಲಿಷ್‌ನಲ್ಲಿ. ಫಸ್ಟ್ ಟೈಮ್ ಇಲ್ಲ ಅಂದ್ರು, ಸೆಕೆಂಡ್ ಟೈಮೂ ಇಲ್ಲ ಅಂದ್ರು. ಥರ್ಡ್ ಟೈಮ್ ನಾನು ಕೂಗಾಡಿದೆ."

"ಹೋದ ತಿಂಗಳೇ? ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರ್ಕೊಳ್ತೀಯ. ಅಮ್ಮ, ದಿಸ್ ಈಸ್ ಮೈ ಲೈಫ್. ನಾಳೆ ನನಗೆ ಅನಾಟಮಿ ಎಗ್ಸಾಮ್ ಇದೆ. ಇಡ್ಲಾ?"

ಫೋನ್ ಇಟ್ಟ ಮೇಲೆ ನಳಿನಿ ನನ್ನ ಕಡೆ ತಿರುಗಿದಳು. "ಕೂಗಾಡಿದ್ಲಂತೆ, ಕೇಳಿಸ್ಕೊಂಡ್ಯಾ?" ಅವಳ ಮುಖದಲ್ಲಿದ್ದದ್ದು ಸಂತೋಷವೋ ಸಂಕಟವೋ ನನಗೆ ಹೇಳಲು ಬರಲಿಲ್ಲ.

ಆ ಬೇಸಿಗೆ ಮಗಳು ಮನೆಗೆ ಬರಲಿಲ್ಲ. ಇರ್ವಿಂಗ್‌ಗೆ ಬರಲು ಅವಳಿಗೀಗ ಪ್ರವಾಸಿ ವೀಸಾ ಬೇಕು. ಅಪ್ಪ ಅಮ್ಮ ಅಮೆರಿಕದಲ್ಲಿದ್ದಾರೆಂದರೆ ವಾಪಸ್ ಹೋಗುವುದಿಲ್ಲ ಎಂದು ಶಂಕಿಸುತ್ತಾರೆ, ಒಮ್ಮೆ ತಿರಸ್ಕಾರವಾದರೆ ದಾಖಲೆಯಲ್ಲಿ ಉಳಿಯುತ್ತದೆ ಎಂಬ ಹೆದರಿಕೆಯಿಂದ ಅರ್ಜಿಯನ್ನೇ ಹಾಕಲಿಲ್ಲ. ನಳಿನಿಯ ಪಾಸ್‌ಪೋರ್ಟಿನ ವೀಸಾ ಮುದ್ರೆಯೂ ಮುಗಿದಿತ್ತು. ಇಲ್ಲಿರಲು ಅಡ್ಡಿಯಿಲ್ಲ, ಹೊರಗೆ ಹೋದರೆ ಹೊಸದಿಲ್ಲದೆ ಒಳಗೆ ಬರುವಂತಿಲ್ಲ. ಜೂನ್‌ನಲ್ಲಿ ಪ್ರಶಾಂತ್ ಮ್ಯಾನೇಜರ್ ಹತ್ತಿರ ಹೋಗಿ, ಮಗಳನ್ನು ನೋಡಲು ಹೆಂಡತಿ ಹೋಗಬೇಕು, ಅವಳ ಮುದ್ರೆಗೆ ಕಂಪನಿಯ ಕಾಗದಗಳು ಶುಕ್ರವಾರದೊಳಗೆ ಬೇಕು ಎಂದನಂತೆ. ಮುಂದಿನ ತಿಂಗಳು ನೋಡೋಣ ಎಂದಾಗ ಅವನು ಎದ್ದುಹೋಗದೆ ಅಲ್ಲೇ ಕೂತನಂತೆ. ಗುರುವಾರ ಕಾಗದ ಬಂದವು.

ನವೆಂಬರ್‌ನಲ್ಲಿ ನಳಿನಿ ಹೊರಟಳು, ಲುಬ್ಲಿನ್‌ಗೆ ಎರಡು ವಾರ, ಅಲ್ಲಿಂದ ಮುದ್ರೆ ಒತ್ತಿಸಲು ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ. ಮುದ್ರೆ ಸಿಗಲು ತಿಂಗಳಾದರೂ ಆಗಬಹುದು. ಹೊರಡುವ ದಿನವೂ ಮಕ್ಕಳನ್ನು ಪೋಲೆಂಡ್‌ಗೆ ಕಳಿಸುವವರಿಂದ ಮೂರು ಫೋನು ಬಂದವು, ಒಂದು ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನ ಒಬ್ಬ ತಾಯಿಯಿಂದ. ಸೂಟ್‌ಕೇಸಿನ ಜಿಪ್ ಎಳೆಯುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳು ಆ ತಾಯಿಯನ್ನು ಬೈಯುತ್ತಿದ್ದಳು: "ಹುಟ್ಟಿದ ತಾರೀಖು ಹೇಳಿ ಅಂದ್ರೆ ರಾಶಿ ನಕ್ಷತ್ರ ಹೇಳ್ತೀರಲ್ರೀ! ತಾರೀಖು ಹೇಳಿ, ತಾರೀಖು."