ತಿರುಗಿ ನೋಡಿದವರ ಲೆಕ್ಕ

ಈ ಬೆಳಿಗ್ಗೆ ಪೆಟ್ಟಿಗೆಯ ತಳದಲ್ಲಿ ಒಂದು ಹಳೆಯ ದಿನಚರಿ ಸಿಕ್ಕಿತು. ಹಾಳೆಗಳಿಗೆ ಸೈಕಲ್ ಚೈನಿನ ಎಣ್ಣೆಯ ವಾಸನೆ ಇನ್ನೂ ಹತ್ತಿಕೊಂಡಿದೆ. ತುಂಬ ಗೀಟುಗಳು, ಐದೈದಕ್ಕೊಂದು ಅಡ್ಡಗೆರೆ, ಪಕ್ಕದಲ್ಲಿ ತಾರೀಖು, ವೇಳೆ. ನಾನು ಕಾಲೇಜಿಗೆ ಆಗತಾನೆ ಸೇರಿದ್ದೆ. ಬಿಟ್ಟರೆ ಮಳೆಹನಿಯನ್ನೂ ಎಣಿಸುತ್ತಾನೆಂದು ಮನೆಯವರು ಹಾಸ್ಯ ಮಾಡುತ್ತಿದ್ದ ಕಾಲ. ಆ ಕಾಲ ಈಗಲೂ ಮುಗಿದಿಲ್ಲ ಎನ್ನಿ.

ಆಗ ಅಕ್ಕನಿಗೆ ಊರಿನ ಆಚೆ ತುದಿ, ಯಾದವಗಿರಿಯ ಕಡೆ, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತ್ತು. ನಜರ್‌ಬಾದಿನಿಂದ ನಡೆದು ಹೋದರೆ ಮೊದಲ ಗಂಟೆ ತಪ್ಪುತ್ತಿತ್ತು. ಇನ್ನೊಂದು ತಿಂಗಳು ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಶಾಲೆಯವರು ಹೇಳಿಯೂ ಆಗಿತ್ತು. ಅಕ್ಕ ಗೆಳತಿಯಿಂದ ನಡುಕಂಬಿಯಿಲ್ಲದ ಸೈಕಲ್ಲೊಂದನ್ನು ತಂದು ಹಿತ್ತಲಲ್ಲೇ ಕಲಿತುಬಿಟ್ಟಳು.

ಅಪ್ಪ ಅರಮನೆಯ ಕುದುರೆ ಲಾಯದಲ್ಲಿ ಗುಮಾಸ್ತರು. ಅವರ ಪ್ರಪಂಚದಲ್ಲಿ ಅಪಾಯಕ್ಕೆ ನಾಲ್ಕು ಕಾಲು.

"ಕುದುರೆಗೆ ಬೈಸಿಕಲ್ ಕಂಡ್ರೆ ಆಗಲ್ಲ ಕಣಮ್ಮ," ಎಂದವರು ನನ್ನ ಕಡೆ ತಿರುಗಿದರು. "ಏನೋ ಲೆಕ್ಕಿಗ, ಒಂದು ವಾರ ಆ ದಾರೀಲಿ ಓಡಾಡಿ, ಎಷ್ಟು ಕುದುರೆ ಬೆದರ್ತವೆ ಬರ್ಕೊಂಡು ಬಾ. ಆಮೇಲೆ ನೋಡೋಣ."

ದಿನವೂ ಶಾಲೆಯ ಹೊತ್ತಿಗೆ ಸರಿಯಾಗಿ ನನ್ನ ಸೈಕಲ್ಲಿನಲ್ಲಿ ಹೋದೆ. ಜಟಕಾ, ಎತ್ತಿನ ಗಾಡಿ, ಮೋಟಾರು, ನಡುರಸ್ತೆಯಲ್ಲಿ ಮಲಗಿದ ನಾಯಿ, ಎಲ್ಲಕ್ಕೂ ಬೇರೆ ಬೇರೆ ಕಾಲಂ. ಬೆದರಿದ ಕುದುರೆ, ಸೊನ್ನೆ. 'ದಾರಿಯಲ್ಲಿ ಭಯವಿಲ್ಲ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಅಪ್ಪನ ಕೈಗಿತ್ತೆ. ಆ ಎರಡು ಗೆರೆಗಳನ್ನು ಕಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸೋಮವಾರ ಅಕ್ಕ ಸೆರಗು ಬಿಗಿದು ಹೊರಟಳು. ಅಪ್ಪನೂ ನಾನೂ ತಿರುವಿನಲ್ಲಿ ನಿಂತಿದ್ದೆವು. ಕುದುರೆ ಬೆದರಲಿಲ್ಲ, ನಿಜ. ಆದರೆ ಮುಂದೆ ಹೋಗುತ್ತಿದ್ದ ಜಟಕಾದವನು ಲಗಾಮು ಮರೆತು, ಹಿಂದಕ್ಕೆ ತಿರುಗಿ ಅಕ್ಕನನ್ನೇ ನೋಡುತ್ತ ಕೂತ. ಹೇಳುವವರಿಲ್ಲದ ಕುದುರೆ ರಸ್ತೆಗೆ ಅಡ್ಡ ನಿಂತಿತು. ತಪ್ಪಿಸಲು ಹೋಗಿ ಅಕ್ಕ ಜಲ್ಲಿಯ ಮೇಲೆ ಬಿದ್ದಳು.

"ನಿನ್ನ ಪುಸ್ತಕದಲ್ಲಿ ಇದೆಲ್ಲೋ ಇತ್ತು?" ಎಂದರು ಅಪ್ಪ.

ಎಲ್ಲೂ ಇರಲಿಲ್ಲ. ನಾನು ಹೋದಾಗ ನನ್ನನ್ನು ಯಾರು ನೋಡಿಯಾರು, ನೀವೇ ಹೇಳಿ.

ಅಕ್ಕ ಮೊಣಕೈ ಒರೆಸಿಕೊಂಡಳು. "ಇನ್ನೊಂದು ಕಾಲಂ ಹಾಕೋ, ತಿರುಗಿ ನೋಡಿದೋರು ಅಂತ. ಇವರಿಗೆ ಎಷ್ಟು ದಿನಕ್ಕೆ ಸಾಕಾಗುತ್ತೋ ನೋಡೇ ಬುಡಾಣ."

"ಸಾಕಾಗ್ದಿದ್ರೆ?" ಎಂದರು ಅಪ್ಪ.

"ಈ ತಿಂಗಳು ಮುಗಿಯೋವರ್ಗೂ ಬುಡಿ ಅಪ್ಪ. ಆಮೇಲೆ ನಾನೇ ಕೆಲಸ ಬುಟ್ಬುಡ್ತೀನಿ."

ಅಪ್ಪ ಒಪ್ಪಿದರು, ನಾನು ಹಿಂದೆ ಹೋಗಬೇಕೆಂಬ ಷರತ್ತಿನ ಮೇಲೆ. ಮೊದಲ ದಿನ ಒಂದು ಪುಟ ಸಾಲಲಿಲ್ಲ. ಎರಡನೆಯ ವಾರ ಅರ್ಧ ಪುಟ ಉಳಿಯಿತು. ಮುದುಕರೊಬ್ಬರು ಮಾತ್ರ ದಿನವೂ ಕನ್ನಡಕ ಹಾಕಿಕೊಂಡೇ ನೋಡುತ್ತಿದ್ದರು. ಅವರನ್ನು ಬೇರೆಯಾಗಿಯೇ ಬರೆದೆ. ತಿಂಗಳ ಕೊನೆಗೆ ಸೊಪ್ಪಿನ ಗಾಡಿಯವನೊಬ್ಬ, "ಎಡಕ್ಕೆ ಓಗ್ರಮ್ಮೋ, ರಸ್ತೆ ಏನು ನಿಮ್ಮೊಬ್ರದಾ!" ಎಂದು ಗದರಿ, ತಿರುಗಿಯೂ ನೋಡದೆ ಹೋದ. ಬೈಸಿಕೊಂಡ ಅಕ್ಕ ಶಾಲೆಯವರೆಗೂ ನಗುತ್ತ ಹೋದಳು.

ಸಂಜೆ ಅದನ್ನು ಓದಿ ಹೇಳಿದೆ. ಅಪ್ಪ ನನ್ನ ಕೈಯಿಂದ ಪುಸ್ತಕ ತೆಗೆದು ಮುಚ್ಚಿ, "ನನಗೂ ಹಂಗೇ ಬಯ್ತಾರೆ. ಸರಿ, ನಾಳೆಯಿಂದ ನೀನು ಹಿಂದೆ ಹೋಗ್ಬೇಡ," ಎಂದರು.

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಒಳಗಿನಿಂದ, "ಅಕ್ಕ ಶಾಲೆಗೆ ಹೊರಟಳೇನೋ?" ಎಂದಳು. ಜಗಲಿಯಲ್ಲಿ ಸೈಕಲ್ ಇರಲಿಲ್ಲ. ಎಷ್ಟು ಹೊತ್ತಿಗೆ ಹೋದಳೋ, ನಾನು ತಲೆಯೆತ್ತಿಯೂ ನೋಡಿರಲಿಲ್ಲ. ನನ್ನ ದಿನಚರಿಯ ಇಂದಿನ ಪುಟದಲ್ಲಿ ಅಕ್ಕ ಹೊರಟ ವೇಳೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.