ಫಳಫಳಕ್ಕ ಕೊಟ್ಟ ಮಬ್ಬು ಬಾಟ್ಲಿ

ಆ ಪ್ರಯೋಗಾಲಯದಲ್ಲಿ ಡಾಕ್ಟರೇಟು ಇಲ್ಲದೆಯೂ ಎಲ್ಲರನ್ನೂ ಗದರಿಸುವ ಹಕ್ಕಿದ್ದದ್ದು ಒಬ್ಬಳಿಗೇ, ಬಾಟ್ಲಿ ತೊಳೆಯುವ ಫಳಫಳಕ್ಕನಿಗೆ. ಇಪ್ಪತ್ತಾರು ವರ್ಷ ಅದೇ ತೊಟ್ಟಿಯ ಮುಂದೆ ನಿಂತವಳು. ಮೊಸರಲ್ಲಿ ಕಲ್ಲು ಹುಡುಕುವ, ಪ್ರಯೋಗಾಲಯದ ಮುಖ್ಯಸ್ಥೆ ದೊಡ್ಡ ಮೇಡಮ್ಮಿಗೂ ಅವಳ ಬಾಟ್ಲಿಯಲ್ಲಿ ಒಂದು ಕಲೆಯೂ ಸಿಕ್ಕಿರಲಿಲ್ಲ.

ಅಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳನ್ನು ಅಕ್ಕ ಮರಿ ಎಂದು ಕರೆಯುತ್ತಿದ್ದಳು. ವಯಸ್ಸು ಇಪ್ಪತ್ತೆಂಟಾದರೂ ಮರಿಯೇ. ಐದು ತಿಂಗಳ ಹಿಂದೆ ಅಕ್ಕನ ಮಣಿಕಟ್ಟು ಊದಿಕೊಂಡಾಗ ಉಳಿದವರು ‘ಹುಷಾರು ಅಕ್ಕ’ ಅಂತ ಬಾಯಿಮಾತಿಗೆ ಹೇಳಿ ಹೋದರು. ಈ ಮರಿ ಹದಿನೈದು ದಿನ ಅಂಗಿಯ ತೋಳು ಮಡಚಿ ನಿಂತು ಎಲ್ಲರ ಬಾಟ್ಲಿ ತೊಳೆದಳು. ನೆಟ್ಟಗೆ ತೊಳೆಯಲಿಲ್ಲ, ಆ ಮಾತು ಬಿಡಿ. ಅಂದಿನಿಂದ ಅಕ್ಕನಿಗೆ ಅವಳೆಂದರೆ ಪ್ರಾಣ.

“ದಿನವಿಡೀ ಕತ್ತಲೆ ಕೋಣೇಲಿ ಅದೇನು ನೋಡ್ತೀಯೇ?” ಎಂದು ಅಕ್ಕ ಒಮ್ಮೆ ಕೇಳಿದ್ದಳು.

“ನಮ್ಮ ರಕ್ತದ ಕಾವಲು ಕೋಶಗಳನ್ನ. ಬ್ಯಾಕ್ಟೀರಿಯಾದ ವಿಷ ಒಂದು ಚೂರು ಬಾಗಿಲಿಗೆ ತಗುಲಿದ್ರೆ ಸಾಕು, ಬಾಗಿಲಲ್ಲಿರೋನು ಒಳಗಿನೋನಿಗೆ ಹೇಳ್ತಾನೆ, ಅವನು ಪಕ್ಕದೋನಿಗೆ. ಹೀಗೆ ಕೈಯಿಂದ ಕೈಗೆ ಸುದ್ದಿ ನಡುಮನೆಗೆ ಹೋಗುತ್ತೆ. ಅಲ್ಲಿಂದ ‘ಹೊಡೀರಿ’ ಅಂತ ಅಪ್ಪಣೆ ಬರುತ್ತೆ. ಸುದ್ದಿ ಮುಟ್ಟಿದ ಕೋಶ ಹಸಿರಾಗಿ ಹೊಳೆಯೋ ಹಾಗೆ ಮಾಡಿದೀವಿ.”

“ಓಹೋ, ನಮ್ಮತ್ತೆ ಮನೆ! ಹೊಸಲಲ್ಲಿ ಒಂದು ಸೀನು ಸೀನಿದ್ರೆ ಹಿತ್ತಲಲ್ಲಿ ಔಷಧಿ ಅರೆಯೋಕೆ ಶುರು.”

ಆ ಸುದ್ದಿಯನ್ನು ದಾರಿಯಲ್ಲಿ ಸಾಗಿಸುವವರು ಯಾರ್ಯಾರು ಎಂದು ಕಂಡುಹಿಡಿಯುವುದೇ ಮರಿಯ ನಾಲ್ಕು ವರ್ಷದ ದುಡಿಮೆ. ಕೋಶಗಳಿಗೆ ವಿಷ ಹಾಕಿದ ತಟ್ಟೆ ಹೊಳೆಯಬೇಕು, ಹಾಕದ ತಟ್ಟೆ ಕತ್ತಲಾಗಿರಬೇಕು. ಆದರೆ ಈಗ ನಾಲ್ಕೈದು ತಿಂಗಳಿಂದ ಎರಡೂ ಹೊಳೆಯುತ್ತಿದ್ದವು. ಮರಿ ಕೋಶ ಬದಲಿಸಿದಳು, ಔಷಧಿ ಬದಲಿಸಿದಳು, ಜಾಗವನ್ನೂ ಬದಲಿಸಿದಳು. ಕೋಶ ಬೆಳೆಸುವ ಬಾಟ್ಲಿಯ ಮೇಲೆ ಮಾತ್ರ ಅವಳಿಗೆ ಅನುಮಾನ ಬರಲೇ ಇಲ್ಲ. ಅಕ್ಕ ತೊಳೆದದ್ದಲ್ಲವೇ?

ಒಂದು ಸೋಮವಾರ ದೊಡ್ಡ ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಮುಂದಿನ ವಾರದೊಳಗೆ ಸರಿಹೋಗದಿದ್ದರೆ ಈ ವಿಷಯ ಬಿಟ್ಟು ಬೇರೆ ಹಿಡಿಯಬೇಕು. ನಾಲ್ಕು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ! ಮರಿ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು.

“ನನ್ನ ಕೈಯೇ ಸರಿಯಿಲ್ಲ ಅಕ್ಕ.”

“ಬಿಡ್ತು ಅನ್ನು! ಯಾವುದೋ ಹುಳ ಬಿದ್ದಿರುತ್ತೆ.”

“ಬ್ಯಾಕ್ಟೀರಿಯಾ ಹುಳ ಇಲ್ಲ, ನೋಡಿದೆ. ಹುಳ ಸತ್ತರೂ ಅದರ ಮೈಮೇಲಿನ ವಿಷ ಹೋಗಲ್ಲ ಅಕ್ಕ. ಹಬೇಲಿ ಬೇಯಿಸಿದ್ರೂ ಜಗ್ಗಲ್ಲ. ಅದಕ್ಕೇ ತಾನೇ ಬಾಟ್ಲಿಗಳನ್ನ ಓವನ್ನಲ್ಲಿ ಒಣ ಕಾವಿನಲ್ಲಿ ಸುಡೋದು? ಆಮೇಲೆ ನೀರು ಸೋಕಿಸಲೇಬಾರದು. ಡ್ರಮ್ಮಿನ ಶುದ್ಧ ನೀರಲ್ಲೂ ಆ ವಿಷ ಇರಬಹುದು.”

ಅಕ್ಕ ತೊಳೆಯುತ್ತಿದ್ದ ಬಾಟ್ಲಿಯನ್ನು ತೊಟ್ಟಿಯಲ್ಲೇ ಬಿಟ್ಟಳು.

ಓವನ್ನಿನಿಂದ ಬಂದ ಗಾಜಿನ ಮೇಲೆ ತೆಳುವಾಗಿ ಮಬ್ಬು ಕೂರುತ್ತದೆ. ಅದು ಓವನ್ನಿನ ತಪ್ಪು, ಅಕ್ಕನದ್ದಲ್ಲ. ಬೇರೆಯವರಿಗೆ ಅವಳು ಹಾಗೇ ಕೊಡುತ್ತಿದ್ದಳು. ಆದರೆ ಮರಿಯ ನೀಲಿ ಗುರುತಿನ ಬಾಟ್ಲಿಗಳನ್ನು, ತನ್ನ ಮಣಿಕಟ್ಟು ವಾಸಿಯಾದಂದಿನಿಂದ, ಓವನ್ನಿನಿಂದ ತೆಗೆದ ಮೇಲೆ ಡ್ರಮ್ಮಿನ ನೀರಲ್ಲಿ ಇನ್ನೊಮ್ಮೆ ಜಾಲಿಸಿ, ಹಬೆಯಲ್ಲಿ ಬೇಯಿಸಿ, ಫಳಫಳ ಮಾಡಿಟ್ಟು ಕೊಡುತ್ತಿದ್ದಳು. ಅಯ್ಯೋ ಪುಣ್ಯಾತ್ಗಿತ್ತಿ! ಪ್ರೀತಿ ಹೆಚ್ಚಾಗಿ ಮಾಡಿದ ಕೆಲಸ.

ಬಾಯಿ ತೆರೆಯದೆ ಜಾಲಿಸುವುದನ್ನು ನಿಲ್ಲಿಸಿದ್ದರೂ ಆಗುತ್ತಿತ್ತು. ತಟ್ಟೆ ತಾನಾಗಿ ಕತ್ತಲಾಗುತ್ತಿತ್ತು, ಇಪ್ಪತ್ತಾರು ವರ್ಷದ ಹೆಸರು ಉಳಿಯುತ್ತಿತ್ತು. ಆದರೆ ಈ ಹುಡುಗಿ ಸಾಯುವ ತನಕ ತನ್ನ ಕೈಯೇ ಸರಿಯಿಲ್ಲ ಅಂದುಕೊಂಡಿರುತ್ತಾಳಲ್ಲ! ಅಕ್ಕನಿಗೆ ಅದು ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು, ಮರಿಯ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ದೊಡ್ಡ ಮೇಡಂ ಎದುರು ನಿಲ್ಲಿಸಿದಳು.

“ಮೇಡಂ, ಇವಳ ಕೈ ಸರಿಯಾಗೇ ಇದೆ. ಕೆಟ್ಟಿದ್ದು ನನ್ನ ಕೈ,” ಎಂದು ಎಲ್ಲವನ್ನೂ ಹೇಳಿ, “ಬೈಯೋದಿದ್ರೆ ನನ್ನ ಬೈಯಿರಿ,” ಎಂದಳು.

ಮೇಡಂ ನೀಲಿ ಗುರುತಿನ ಒಂದು ಬಾಟ್ಲಿ ತರಿಸಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, “ಅತಿಯಾದ್ರೆ ಅಮೃತವೂ ವಿಷ ಅನ್ನೋದು ಕೇಳಿದ್ದೆ ಅಕ್ಕ, ಇವತ್ತು ಕಣ್ಣಾರೆ ಕಂಡೆ,” ಎಂದರು. ಮರಿ ಬೈಯಲಿಲ್ಲ. ಅಕ್ಕನ ಕೈ ಹಿಡಿದುಕೊಂಡು ಮತ್ತೆ ಅತ್ತಳು. ಅಕ್ಕನೂ ಅತ್ತಳು.

ಜಾಲಿಸದ ಬಾಟ್ಲಿಯಲ್ಲಿ ಹೊಸದಾಗಿ ಬೆಳೆಸಿದ ಕೋಶಗಳು ಮುಂದಿನ ಸೋಮವಾರ ಸಿದ್ಧವಾದವು. ಮರಿ ಅಕ್ಕನನ್ನು ಕತ್ತಲೆ ಕೋಣೆಗೆ ಕರೆದು, ವಿಷ ಹಾಕದ ತಟ್ಟೆಯಿಟ್ಟ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

“ಏನೂ ಕಾಣ್ತಿಲ್ಲ ಕಣೇ. ಬರೀ ಕಪ್ಪು.”

“ಅದೇ ಅಕ್ಕ! ಅದನ್ನೇ ನೋಡಬೇಕಾಗಿದ್ದು!”

ಮಾರನೆಯ ದಿನ ಮರಿ ಬಾಟ್ಲಿ ತೆಗೆದುಕೊಳ್ಳಲು ಬಂದಳು. ಓವನ್ನಿನಿಂದ ಬಂದ ನೀಲಿ ಗುರುತಿನ ಬಾಟ್ಲಿಗಳ ಮೇಲೆ ಮಬ್ಬು ಕೂತಿತ್ತು. ಒಂದರಲ್ಲಂತೂ ಢಾಳಾಗಿ ಕಾಣುತ್ತಿತ್ತು. ಅಕ್ಕನ ಬೆರಳುಗಳು ಜಾಲಿಸಲು ತುಡಿದವು.

“ತಗೊಂಡು ಹೋಗೇ ಬೇಗ, ನನ್ನ ಕಣ್ಣೆದುರು ಇಡಬೇಡ,” ಎಂದು ಗದರಿಸಿ, ಅವಳು ಬಾಗಿಲು ದಾಟುವ ತನಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.