ಸಪ್ಪಳವಿಲ್ಲದ ಒಂದು ಮಡ್ಡಿ

ಬೆಂಕಿಯ ಭಯಕ್ಕೆ ಕಾಡಿನ ದಾರಿ ಮುಚ್ಚಿದ್ದರ ಪೆಟ್ಟು ತಿಂದವರು ಬನಹಟ್ಟಿಯ ಒಬ್ಬ ಮಗ್ಗದ ಹೆಣ್ಣುಮಗಳು. ಬೆಂಕಿ ಹಚ್ಚುವವರಿಗೆ ಏನೂ ಆಗಲಿಲ್ಲ. ಅವರಲ್ಲಿ ಒಬ್ಬನು ಕಳಿಸುವ ಬೆಲ್ಲವನ್ನು ನಾನೇ ವರ್ಷವಿಡೀ ತಿನ್ನುತ್ತೇನೆ ಎಂಬುದು ನನಗೆ ತಡವಾಗಿ ಗೊತ್ತಾಯಿತು.

ಆ ಹೆಣ್ಣುಮಗಳನ್ನು ನಮ್ಮ ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ. ನನ್ನ ಮನೆಯ ಗೋಡೆಗೆ ಅವರ ಮನೆಯ ಗೋಡೆ. ಮದುವೆಯಾಗಿ ಬಂದ ವರ್ಷದಿಂದ ಅವರು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಸೀರೆ ನೇಯುತ್ತಿದ್ದಾರೆ. ಮಗ್ಗಗಳು ಒಟ್ಟಿಗೆ ಬಡಿಯುವಾಗ ಅಲ್ಲಿ ಕೂಗಿದರೂ ಕೇಳಿಸದು. ಆದ್ದರಿಂದ ಶೆಡ್ಡಿನ ಹೆಂಗಸರು ದನಿ ತೆಗೆಯದೆ ಬರೀ ತುಟಿಯಲ್ಲಿ ಮಾತಾಡುತ್ತಾರೆ. ಸೊಸೆಯ ಮೇಲಿನ ದೂರಿನಿಂದ ಹಿಡಿದು ಸಾರಿನ ಹದದವರೆಗೆ ಎಲ್ಲವನ್ನೂ ಒಂದು ಮಗ್ಗದಿಂದ ಮೂರನೆಯ ಮಗ್ಗಕ್ಕೆ ದಾಟಿಸುತ್ತಾರೆ. ನೋಡುವವರಿಗೆ ಅದೊಂದು ಕಲೆ. ಕಾಕುವಿನ ಪಾಲಿಗೆ ಅದರ ಬೆಲೆ ಎರಡು ಕಿವಿಗಳು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಹೋಗುತ್ತಿದೆ. ಸುತ್ತಲೂ ಹತ್ತಿಯ ನೂಲೇ ತುಂಬಿದ ಆ ಶೆಡ್ಡಿನ ಮಾಲೀಕರು ಇಷ್ಟು ವರ್ಷಗಳಲ್ಲಿ ಕಿವಿಗೆ ಇಟ್ಟುಕೊಳ್ಳಲು ಏನನ್ನೂ ಕೊಡಲಿಲ್ಲ. ಈ ಬರಹದಲ್ಲಿ ಹೆಸರಿಸಬೇಕಾದ ಮೊದಲ ತಪ್ಪು ಅದು. ಮುಧೋಳದ ವೈದ್ಯರು ಪರೀಕ್ಷೆ ಮಾಡಿ, ಉಳಿದದ್ದನ್ನು ಜೋಪಾನ ಮಾಡಿಕೊಳ್ಳಿ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಕಿವಿಯ ಯಂತ್ರ ತಂದುಕೊಟ್ಟರೆ ಅದು ಮಗ್ಗದ ಬಡಿತವನ್ನೇ ದೊಡ್ಡದು ಮಾಡಿ ಕೇಳಿಸುತ್ತದೆಂದು ಕಾಕು ಅದನ್ನು ಶೇಂಗಾದ ಡಬ್ಬಿಯೊಳಗೆ ಇಟ್ಟುಬಿಟ್ಟರು.

ನಮ್ಮ ಓಣಿಯ ಶೆಡ್ಡುಗಳು ಅಮಾವಾಸ್ಯೆಗೆ ನಿಲ್ಲುತ್ತವೆ. ತಿಂಗಳಿಗೆ ಆ ಒಂದು ದಿನ, ನಸುಕಿನ ಬಸ್ಸು ಹಿಡಿದು, ನಾವು ಐದಾರು ಹೆಂಗಸರು ನಡೆಯಲು ಹೋಗುವ ರೂಢಿಯನ್ನು ಮಾಡಿಕೊಂಡಿದ್ದೇವೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ನಾನು ಓದಿದ ಶಾಲೆಯಲ್ಲಿ ಪುಸ್ತಕ ತೆರೆಯುವ ಮೊದಲು ಮಕ್ಕಳನ್ನು ಬಯಲಿಗೆ ಕರೆದೊಯ್ದು, ಕಣ್ಣು ಮುಚ್ಚಿ ನೂರು ಎಣಿಸಿ, ಏನೇನು ಕೇಳಿಸಿತೆಂದು ಬರೆಯಲು ಹೇಳುತ್ತಿದ್ದರು. ಆ ಅಭ್ಯಾಸ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಚಳಿಗಾಲದಲ್ಲಿ ನಾವು ಬೀಳಗಿ ಕಡೆಯ ಕುರುಚಲು ಕಾಡಿಗೆ ಹೋದೆವು. ಪ್ರಾಣಿಗಳು ಬೆದರುತ್ತವೆ, ಮಾತಾಡಬೇಡಿ ಎಂದು ಕಾವಲುಗಾರ ಮೊದಲೇ ಎಚ್ಚರಿಸಿದ. ನಮ್ಮ ಹೆಂಗಸರು ದಾರಿಯುದ್ದಕ್ಕೂ ತುಟಿಯಲ್ಲೇ ಹರಟೆ ಹೊಡೆದರು. ಇಷ್ಟು ಗಂಭೀರವಾದ ಗುಂಪನ್ನು ತಾನು ಕಂಡೇ ಇಲ್ಲವೆಂದು ಅವನು ಕೊನೆಯಲ್ಲಿ ಹೊಗಳಿದ. ಕೆರೆಯ ಬಳಿ ಗೌಜಲಹಕ್ಕಿಯೊಂದು ಕೂಗಿತು. ಕಾಕು ನಿಂತಲ್ಲೇ ನಿಂತರು.

"ತಡೀರಿ ಬೇ," ಎಂದು ಎಲ್ಲರ ಮೈ ನಡುಗುವಷ್ಟು ಗಟ್ಟಿಯಾಗಿ ಅಂದರು. "ಇದು ನನಗ ಕೇಳಿಸ್ತು. ಖರೆ ಕೇಳಿಸ್ತು."

ಅವರು ಹಕ್ಕಿಯ ದನಿ ಕೇಳಿ ಎಷ್ಟೋ ವರ್ಷವಾಗಿತ್ತು. ಆಮೇಲೆ ಪ್ರತಿ ಅಮಾವಾಸ್ಯೆಗೂ ಅವರು ಕೇಳುತ್ತಿದ್ದುದು ಒಂದೇ: ಎಡಗಿವಿ ಮುಚ್ಚುವುದರೊಳಗೆ ಎಷ್ಟು ಸಲ ಆಗುತ್ತದೋ ಅಷ್ಟು ಸಲ ಆ ಕೂಗನ್ನು ಕೇಳಬೇಕು.

ಶಿವರಾತ್ರಿಯ ಮರುದಿನದ ಅಮಾವಾಸ್ಯೆಗೆ ಹೋದಾಗ ಕಾಡಿನ ಗೇಟಿಗೆ ಸರಪಳಿ ಬಿದ್ದಿತ್ತು. ಬೆಂಕಿಯ ಅಪಾಯ, ಮಳೆಗಾಲದವರೆಗೆ ಪ್ರವೇಶವಿಲ್ಲ ಎಂಬ ಫಲಕ. ಅದೇ ಕಾವಲುಗಾರ, ಈ ಸಲ ಮುಖ ಎತ್ತಲಿಲ್ಲ.

"ನಾ ಏನ್ ಮಾಡ್ಲಿರಿ ಅಕ್ಕೋರ, ಮ್ಯಾಲಿಂದ ಹುಕುಂ ಬಂದೈತಿ. ಹುಲ್ಲು ಒಣಗಿ ಕಡ್ಡಿ ಆಗೈತಿ. ಒಂದ ಬೀಡಿ ತುಂಡ ಸಾಕು."

"ನಮ್ಮಾಗ ಬೀಡಿ ಸೇದಾಕಿ ಯಾರ ಅದಾರಪಾ?" ಎಂದು ನಮ್ಮ ಜೊತೆಗಿದ್ದ, ಶೆಡ್ಡಿನಲ್ಲಿ ಕಂಡಕಿಗೆ ನೂಲು ಸುತ್ತುವ ಹುಡುಗಿ ಕೇಳಿದಳು.

ಅವನ ತುಟಿಯನ್ನೇ ನೋಡುತ್ತಿದ್ದ ಕಾಕು ನಡುವೆ ಬಾಯಿ ಹಾಕಿದರು. "ನಾ ಎಲಿಅಡಿಕಿ ಹಾಕೊಳ್ಳಾಕಿ. ಎಲಿಅಡಿಕಿಯಿಂದ ಕಾಡ ಸುಟ್ಟದ್ದು ಎಲ್ಲೆರ ಕೇಳೀಯೇನ?"

ಅವನು ನಕ್ಕ, ಸರಪಳಿ ಬಿಚ್ಚಲಿಲ್ಲ. ಮಳೆಗಾಲದ ನಂತರ ಬನ್ನಿರೆಂದ.

"ಮಳಿಗಾಲ ಅಂದ್ರ ದೂರ ಆತು," ಎಂದರು ಕಾಕು. "ನನ್ನ ಕಿವಿಗಿ ಬೋರ್ಡ್ ಹಾಕೂದ ಬ್ಯಾಡ. ಅದು ತಾನ ಮುಚ್ಚಾಕತ್ತೈತಿ."

ಒಣಗಿದ ಕಾಡನ್ನು ಮುಚ್ಚುವುದು ತಪ್ಪೆಂದು ನಾನು ಅನ್ನುವುದಿಲ್ಲ. ಆ ಹುಲ್ಲನ್ನು ಕೈಯಲ್ಲಿ ತಿಕ್ಕಿ ನೋಡಿದ್ದೇನೆ. ಅದು ಪುಡಿಯಾಗಿ ಉದುರಿತು. ಆದರೆ ಗೇಟಿನ ಒಳಗೆ ಕಾಲಿಡುವವರನ್ನಷ್ಟೇ ತಡೆದರೆ ಬೆಂಕಿಯೂ ನಿಲ್ಲುತ್ತದೆಯೆ? ಅದು ಗೇಟಿನಿಂದಲೇ ಒಳಗೆ ಬರುತ್ತದೆಂದು ತೀರ್ಮಾನಿಸಿದವರು ಯಾರು? ಹಿಂತಿರುಗುವ ಬಸ್ಸಿನಲ್ಲಿ ಈ ಪ್ರಶ್ನೆಯನ್ನು ಹಿಡಿದುಕೊಂಡೇ ಕೂತಿದ್ದೆ. ಕಾಕುವಿನ ಪ್ರಶ್ನೆ ಹೆಚ್ಚು ನೇರವಾಗಿತ್ತು: "ಮುಂದಿನ ಅಮಾಸಿಗಿ ಎಲ್ಲಿ?"

ಹಾಗೆ ನನ್ನ ಹುಡುಕಾಟ ಶುರುವಾಯಿತು. ನಮ್ಮ ಬಸ್ಸುಗಳು ತಲುಪುವಷ್ಟು ಸುತ್ತಳತೆಯಲ್ಲಿ, ನಡೆಯಲು ದಾರಿಯಿರುವ, ಗೌಜಲಹಕ್ಕಿಯ ಕೂಗನ್ನು ಅರೆಗಿವಿಯ ಒಬ್ಬರು ಹಿಡಿಯಬಲ್ಲಷ್ಟು ಶಾಂತವಾದ ಜಾಗ ಒಂದಾದರೂ ಇದೆಯೆ? ಶಾಲೆಯ ಪಾಠವನ್ನೇ ಅಳತೆಯಾಗಿ ಇಟ್ಟುಕೊಂಡೆ. ಪ್ರತಿ ರವಿವಾರ ಒಂದು ಕಡೆ ಹೋಗಿ, ಕಣ್ಣು ಮುಚ್ಚಿ ನೂರು ಎಣಿಸಿ, ಕೇಳಿಸಿದ್ದನ್ನು ನೋಟಬುಕ್ಕಿನಲ್ಲಿ ಬರೆದೆ.

ರಬಕವಿಯ ಹೊಳೆದಂಡೆಯಲ್ಲಿ ಹತ್ತು ಎಣಿಸುವುದರೊಳಗೆ ನಾಲ್ಕು ಪಂಪುಗಳು ಕೇಳಿಸಿದವು. ನೀರಿನ ದನಿ ಒಮ್ಮೆಯೂ ಕೇಳಿಸಲಿಲ್ಲ. ಹೊಳೆಯ ಪಕ್ಕದಲ್ಲೇ ನಿಂತು ಹೊಳೆಯನ್ನು ಕೇಳಲಾಗದ್ದು ನನಗೆ ವಿಚಿತ್ರವೆನಿಸಿತು. ತೇರದಾಳದ ಕಡೆಯ ಗಾಡಿದಾರಿಯಲ್ಲಿ ಎರೆಯ ಹೊಲಗಳ ನಡುವೆ ನಡೆಯುವುದು ಸುಖವೇ, ಆದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು ಒಂದರ ಹಿಂದೊಂದು ಬರುತ್ತಿದ್ದವು. ಒಂದರ ಹಾಡು ಮುಗಿಯುವ ಮೊದಲೇ ಇನ್ನೊಂದರದು ಅದರ ಮೇಲೆ ಬೀಳುತ್ತಿತ್ತು. ಜಮಖಂಡಿಯ ಗುಡ್ಡದ ಮೇಲೆ ಅರವತ್ತರವರೆಗೆ ಎಣಿಸಿದೆ. ಗಾಳಿ, ಒಂದು ಅಳಿಲು, ದೂರದಲ್ಲಿ ಯಾರೋ ಬಟ್ಟೆ ಒಗೆಯುವ ದನಿ. ಇದೇ ಸರಿ ಎನ್ನುವಷ್ಟರಲ್ಲಿ ಕೆಳಗಿನ ಮಂಟಪದಲ್ಲಿ ಧ್ವನಿವರ್ಧಕ ಬಾಯಿ ತೆರೆಯಿತು. ಮುಧೋಳದ ಕಾಲುವೆಯ ಏರಿ ಎಪ್ಪತ್ತೈದರವರೆಗೆ ಬಂತು. ನೋಟಬುಕ್ಕನ್ನು ತಿರುವಿ ನೋಡಿದಾಗ ನನಗೇ ಅಚ್ಚರಿ: ಇಲ್ಲೇ ಹುಟ್ಟಿ ಬೆಳೆದವಳು ನಾನು, ಈ ಊರುಗಳನ್ನು ಕಣ್ಣಿನಿಂದ ಬಲ್ಲೆ, ಕಿವಿಯಿಂದ ಒಂದನ್ನೂ ಅರಿತಿರಲಿಲ್ಲ.

ಮುಧೋಳದ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತ ಕುರಿಗಾರ ಹಿರಿಯರೊಬ್ಬರು ನಾನು ಬರೆಯುವುದನ್ನು ನೋಡಿ, ಏನು ಲೆಕ್ಕ ಎಂದು ವಿಚಾರಿಸಿದರು. ಹೇಳಿದೆ.

"ಸಪ್ಪಳ ಇಲ್ಲದ ಜಾಗಾ ಹುಡಕಾಕತ್ತೀರಿ?" ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮನ್ಯಾಗ ಭಾಳ ಮಂದಿ ಅದಾರೇನ್ರಿ?"

"ನಮ್ಮ ಕಾಕೂಗ ಗೌಜಲಹಕ್ಕಿ ಕೇಳಬೇಕಾಗೇತ್ರಿ. ಕಾಡ ಬಂದ್ ಮಾಡ್ಯಾರ."

"ನಮಗೂ ಬಂದ್ ಮಾಡ್ಯಾರ್ರಿ, ಕುರಿ ಬಿಡಂಗಿಲ್ಲ. ಅದಕ್ಕ ಈಗ ಮಡ್ಡಿ ಹಿಡದೀವಿ. ಬೀಳಗಿ ರಸ್ತೆ ಬಿಟ್ಟು ಎಡಕ ಹೋಗ್ರಿ, ಬರೀ ಕಲ್ಲು ಐತಿ, ಅಲ್ಲಿಗಿ ಮೋಟರೂ ಇಲ್ಲ, ಮನಶ್ಯಾನೂ ಇಲ್ಲ. ಗೌಜಲ ಅದಾವು. ನಮ್ಮ ನಾಯಿ ದಿನಾ ಬೆನ್ನ ಹತ್ತತೈತಿ, ಒಂದರ ಸಿಕ್ಕಿಲ್ಲ." ಸ್ವಲ್ಪ ಯೋಚಿಸಿ ಸೇರಿಸಿದರು: "ಕುರಿ ಕೊಳ್ಳಾಗ ಗಂಟಿ ಐತಿ, ಅದೊಂದ ಸಪ್ಪಳ. ನೀವು ಬರೂ ದಿನಾ ಹೇಳ್ರಿ, ಆಚಿ ಕಡೆ ಹೊಡಕೊಂಡ ಹೊಕ್ಕೀನಿ."

ಮರುದಿನ ಶಾಲೆಗೆ ರಜೆ ಹಾಕಿ ನಾನೊಬ್ಬಳೇ ಹೋದೆ. ಮಡ್ಡಿ ಎಂದರೆ ಬೆಳೆ ಬಾರದ ಕಲ್ಲುನೆಲದ ದಿಣ್ಣೆ. ಯಾರೂ ಅದನ್ನು ನೋಡಲು ಹೋಗುವುದಿಲ್ಲ. ನೂರು ಎಣಿಸಿದೆ, ಮತ್ತೆ ನೂರು ಎಣಿಸಿದೆ. ಯಂತ್ರದ ದನಿ ಒಂದೂ ಬರಲಿಲ್ಲ. ನೂರಾಎಪ್ಪತ್ತರಲ್ಲಿ ಗೌಜಲಹಕ್ಕಿ ಕೂಗಿತು.

ಮುಂದಿನ ಅಮಾವಾಸ್ಯೆ ಯುಗಾದಿಯ ಹಿಂದಿನ ದಿನ. ಮನೆ ಸಾರಿಸುವುದಿದೆಯೆಂದು ಇಬ್ಬರು ಹಿಂದೆ ಸರಿದರು. ಉಳಿದ ನಾಲ್ವರು ಹೊರಟೆವು. ನನಗೆ ಒಳಗೊಳಗೇ ಅಳುಕು: ಚಳಿಗಾಲದಲ್ಲಿ ಕೇಳಿಸಿದ್ದು ಈಗಲೂ ಕೇಳಿಸೀತೆ? ಮಡ್ಡಿಯ ನೆತ್ತಿಯಲ್ಲಿ ಕಾಕು ಚಪ್ಪಟೆ ಬಂಡೆಯ ಮೇಲೆ ಎಡಗಿವಿಯನ್ನು ಬಯಲಿನ ಕಡೆಗೆ ಮಾಡಿ ಕೂತರು. ನಾವು ತುಟಿಯನ್ನೂ ಅಲ್ಲಾಡಿಸಲಿಲ್ಲ.

ಹಕ್ಕಿ ಕೂಗಿತು. ನಾವು ಮೂವರೂ ಕಾಕುವಿನ ಮುಖ ನೋಡಿದೆವು. ಅವರು ಅಲುಗಲಿಲ್ಲ. ಕಂಡಕಿ ಸುತ್ತುವ ಹುಡುಗಿ ನನ್ನ ಕೈ ಹಿಡಿದಳು. ಇನ್ನೊಮ್ಮೆ ಕೂಗಿತು, ಈ ಸಲ ಹತ್ತಿರದ ಕಾರೆಗಿಡದ ಬುಡದಿಂದ. ಕಾಕುವಿನ ತಲೆ ನಿಧಾನವಾಗಿ ಆ ಗಿಡದ ಕಡೆಗೇ ತಿರುಗಿತು. ನಾವು ಯಾರೂ ಬೆರಳು ಮಾಡಿರಲಿಲ್ಲ.

"ಸಣ್ಣದಾಗೇತಿ," ಎಂದರು. "ಆದ್ರ ಐತಿ."

ಮೂರನೆಯ ಕೂಗಿಗಾಗಿ ಕಾದೆವು. ಬಂದದ್ದು ಚಟಪಟ ಎಂಬ ಬೇರೊಂದು ದನಿ. ಕೆಳಗಿನ ಕಬ್ಬಿನ ಹೊಲದಲ್ಲಿ ಹೊಗೆ ಎದ್ದಿತ್ತು. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮಲ್ಲಿ ರವದಿ ಎನ್ನುತ್ತಾರೆ. ಅದನ್ನು ಸುಡುವುದು ರೂಢಿ. ಬೆಂಕಿಯ ಗೆರೆ ಓಡುತ್ತ ಓಡುತ್ತ ಬದುವಿನವರೆಗೆ ಬಂತು. ಬದುವಿನ ಆಚೆಗೆ ಬೇಲಿಯಿಲ್ಲ, ಕಾವಲಿಲ್ಲ, ಫಲಕವಿಲ್ಲ. ಅಲ್ಲಿಂದಲೇ ಕಾಡಿನ ಹುಲ್ಲು ಶುರುವಾಗುತ್ತದೆ. ನಾವು ಗೇಟಿನಲ್ಲಿ ಹಿಂತಿರುಗಿದ್ದ ಅದೇ ಕಾಡು, ಹಿಂಬದಿಯಿಂದ.

ಕಿವಿ ಮಂದವಾದರೂ ಕಾಕುವಿನ ಕಣ್ಣು ಚೂಪು. "ಆ ಕೆಂಪ ಹಂಚಿನ ಮನಿ, ಜೋಡ ಬೇವಿನಗಿಡ," ಎಂದರು. "ಅಕ್ಕೋರ, ಅದು ನಿಮ್ಮ ಅಣ್ಣನ ಹೊಲ ಅಲ್ಲೇನ?"

ಮಡ್ಡಿಯ ಕೆಳಗಿನ ಆ ಊರೇ ನನ್ನ ತವರು, ಕಾಕು ಒಮ್ಮೆ ನನ್ನ ಜೊತೆ ಅಲ್ಲಿಗೆ ಬಂದಿದ್ದರು. ಆ ಹೊಲವನ್ನು ಊರಿನ ಕಡೆಯಿಂದ ಮಾತ್ರ ನೋಡಿದ್ದ ನನಗೆ ಮಡ್ಡಿಯ ಮೇಲಿನಿಂದ ಗುರುತು ಹತ್ತಿರಲಿಲ್ಲ.

ನಾವು ಇಳಿದು ಹೋದೆವು. ಅಣ್ಣ ಹಸಿ ಟೊಂಗೆ ಹಿಡಿದು ಬದುವಿನ ಮೇಲೆ ಬೆಂಕಿ ಬಡಿಯುತ್ತಿದ್ದ. ನಾವೂ ಬಡಿದೆವು. ಆರಿದ ಮೇಲೆ ನೀರು ಕುಡಿಯುತ್ತ ಕೇಳಿದೆ.

"ರವದಿ ಯಾಕ ಸುಡ್ತಿ ಅಣ್ಣಾ?"

"ಮತ್ತೇನ ಮಾಡ್ಲಿ ತಂಗಿ? ನಾಳೆ ನೀರಿನ ಪಾಳಿ ಐತಿ, ರವದಿ ಮ್ಯಾಲ ನೀರ ಹರೀತೈತೇನ? ಪುಡಿ ಮಾಡೂ ಮಷಿನ್ ಕೊಡ್ತೀವಿ ಅಂತ ಫ್ಯಾಕ್ಟರಿಯವರು ಹೆಸರ ಬರಕೊಂಡಾರ. ರಸ್ತೆ ದಂಡಿ ಹೊಲದವರಿಗೆ ಮೊದಲು. ನಮ್ಮ ಕಡೆ ಬರೂದು ಮಳಿ ಬಿದ್ದ ಮ್ಯಾಲ."

"ಹೋದ ವರ್ಷ ಇದು ಕಾಡಿಗಿ ದಾಟಿತ್ತೇನ?"

ಅವನು ಟೊಂಗೆಯನ್ನು ನೆಲಕ್ಕೆ ಊರಿದ. "ದಾಟಿತ್ತು. ನಾವ ಆರಿಸಿದ್ವಿ."

"ಯಾರಿಗೆರ ಹೇಳಿದಿ?"

"ಯಾರ ಕೇಳಿದ್ರು?"

ಅವನ ಉತ್ತರದಲ್ಲಿ ಸುಳ್ಳಿರಲಿಲ್ಲ. ಗೇಟಿನಲ್ಲಿ ನಮ್ಮನ್ನು ತಡೆದವರಿದ್ದರು. ಈ ಬದುವಿನ ಮೇಲೆ ಯಾರೂ ಬಂದಿರಲಿಲ್ಲ. ನಾನೂ ಬಂದಿರಲಿಲ್ಲ. ಅವನ ಹೊಲದ ಕಬ್ಬಿನ ಬೆಲ್ಲವನ್ನು ಡಬ್ಬಿಗೆ ತುಂಬಿಸಿಕೊಳ್ಳುವಾಗ ಅದರ ಎಲೆ ಎಲ್ಲಿ ಹೋಯಿತೆಂದು ಒಮ್ಮೆಯೂ ಕೇಳದಿದ್ದುದು ನನ್ನ ತಪ್ಪು. ಮುಂದಿನ ವರ್ಷ ಬದುವಿನ ಪಕ್ಕದ ರವದಿಯನ್ನು ಸುಡದೆ ಸಾಲುಗಳ ನಡುವೆ ಮುಚ್ಚುತ್ತೇನೆಂದು ಅಣ್ಣ ಒಪ್ಪಿದ. ಆ ಕೆಲಸಕ್ಕೆ ಆಳಾಗಿ ನಾನೂ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. "ಟೀಚರ್ ಕೈಯಾಗ ಕುರಪಿ," ಎಂದು ಅವನು ನಕ್ಕ.

ಹಿಂತಿರುಗುವಾಗ ಕಾಕು ಮತ್ತೆ ಮಡ್ಡಿ ಹತ್ತಿ ಬಹಳ ಹೊತ್ತು ಕೂತರು. ಹೊಗೆ ಅಲ್ಲೆಲ್ಲ ಹರಡಿತ್ತು. ಹಕ್ಕಿ ಕೂಗಲಿಲ್ಲ.

"ಕೂಗಿದ್ರ ಹೇಳ್ರಿ," ಎಂದರು ನಮಗೆ. "ಸುಳ್ಳ ಹೇಳಬ್ಯಾಡ್ರಿ ಮತ್ತ."

ಆದ್ದರಿಂದ, ಕಾಡಿನ ಕಚೇರಿಯ ಅಧಿಕಾರಿಗಳೇ, ನಿಮ್ಮನ್ನು ಕೇಳುತ್ತಿದ್ದೇನೆ. ಬರುವ ಶಿವರಾತ್ರಿಯೊಳಗೆ, ಕಬ್ಬಿನ ಹೊಲಗಳು ಕಾಡಿಗೆ ತಾಗುವ ಅಂಚಿನುದ್ದಕ್ಕೂ ಎರಡು ಚಕ್ಕಡಿ ಹಾಯುವಷ್ಟು ಅಗಲಕ್ಕೆ ಹುಲ್ಲು ಕೆತ್ತಿಸಿ ಬೆಂಕಿ ದಾಟದ ಹಾಗೆ ಗೆರೆ ಮಾಡಿ. ಗೇಟಿನಲ್ಲಿ ಕೂರಿಸುವ ಕಾವಲುಗಾರನನ್ನು ರವದಿ ಸುಡುವ ವಾರಗಳಲ್ಲಿ ಆ ಬದುವಿನ ಮೇಲೆ ನಿಲ್ಲಿಸಿ. ಕಾರ್ಖಾನೆಯವರೇ, ರವದಿ ಪುಡಿ ಮಾಡುವ ಯಂತ್ರದ ಪಾಳಿಯನ್ನು ಕಾಡಿನ ಅಂಚಿನ ಹೊಲಗಳಿಂದ ಆರಂಭಿಸಿ; ರಸ್ತೆ ಬದಿಯ ಹೊಲಗಳು ಕಾಯಬಲ್ಲವು. ಇಷ್ಟಾದ ಮೇಲೆ, ಅಧಿಕಾರಿಗಳೇ, ಗೇಟಿನಿಂದ ಕೆರೆಯವರೆಗಿನ ದಾರಿಯೊಂದನ್ನೇ, ಅಮಾವಾಸ್ಯೆಯ ಬೆಳಿಗ್ಗೆ ಮಾತ್ರ, ನಿಮ್ಮ ಒಬ್ಬ ನೌಕರನ ಜೊತೆ ನಮಗೆ ತೆರೆಯಿರಿ. ಮುಂದಿನ ಬೇಸಿಗೆಯಲ್ಲೇ ತೆರೆಯಿರಿ. ಅದರಾಚೆಗಿನ ಬೇಸಿಗೆಗೆ ಕಾಕುವಿನ ಎಡಗಿವಿ ಉಳಿದಿರುತ್ತದೆಂದು ನಮಗೆ ಯಾರೂ ಹೇಳಿಲ್ಲ.